ರೈಟ್ ಹೇಳೋವರೆಗೂ: ಜೀನ್ ಬಾಗಿಲಲ್ಲಿ ಕಾಯೋ ಪಾಲಿಮರೇಸ್ ಕಥೆ

📌 ಭಾಗ 1/9: ಪುಸ್ತಕದಲ್ಲಿರೋ ಕಥೆ

ಸೆಕೆಂಡ್ ಪಿಯುಸಿ ಬಯಾಲಜಿಯಲ್ಲಿ ಲ್ಯಾಕ್ ಒಪೆರಾನ್ ಚಿತ್ರ ಬರೆದು ಬರೆದು ಕೈನೋವು ಬಂದವರೆಲ್ಲ ಇಲ್ಲಿ ಬನ್ನಿ. ಈ ಸರಣಿ ನಿಮಗೇ. ಒಟ್ಟು 9 ಭಾಗ ಇದೆ, ಒಂದೇ ಸಲಕ್ಕೆ ಓದೋಕಾಗ್ಲಿಲ್ಲ ಅಂದ್ರೆ ಸೇವ್ ಮಾಡಿಟ್ಕೊಳ್ಳಿ.

ಮೊದಲು ಗೊತ್ತಿರೋದನ್ನ ನೆನಪು ಮಾಡ್ಕೊಳ್ಳೋಣ. ಜೀನ್ ಅಂದ್ರೆ ಡಿಎನ್‌ಎಯಲ್ಲಿ ಬರೆದಿಟ್ಟ ಒಂದು ಪಾಠ. ಅದನ್ನ ಓದಿ ಆರ್‌ಎನ್‌ಎ ರೂಪದಲ್ಲಿ ನಕಲು ಬರೆಯೋ ಯಂತ್ರ ಆರ್‌ಎನ್‌ಎ ಪಾಲಿಮರೇಸ್. ಈ ಕೆಲಸಕ್ಕೆ ಟ್ರಾನ್ಸ್‌ಕ್ರಿಪ್ಷನ್ ಅಥವಾ ಪ್ರತಿಲೇಖನ ಅಂತ ಹೆಸರು. ನಿಮ್ಮ ಕಣ್ಣಿನ ಜೀವಕೋಶದಲ್ಲೂ ಲಿವರ್ ಜೀವಕೋಶದಲ್ಲೂ ಇರೋದು ಒಂದೇ ಪುಸ್ತಕ. ಯಾವ ಪಾಠ ಯಾವಾಗ ಓದಬೇಕು ಅನ್ನೋದರಲ್ಲೇ ವ್ಯತ್ಯಾಸ.

ಹಾಗಾದ್ರೆ ಅದನ್ನ ತೀರ್ಮಾನ ಮಾಡೋದು ಯಾರು? 1961ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಇನ್‌ಸ್ಟಿಟ್ಯೂಟ್‌ನಲ್ಲಿ ಫ್ರಾಂಸ್ವಾ ಜಾಕೋಬ್ ಮತ್ತು ಜಾಕ್ ಮೊನೊ ಇದಕ್ಕೊಂದು ಸೊಗಸಾದ ಉತ್ತರ ಕೊಟ್ಟರು. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ರಿಪ್ರೆಸರ್ ಅನ್ನೋ ಪ್ರೋಟೀನ್ ಜೀನ್‌ನ ಬಾಗಿಲಿಗೆ ಬೀಗದ ಹಾಗೆ ಕೂತಿರುತ್ತೆ. ಲ್ಯಾಕ್ಟೋಸ್ ಬಂದ್ರೆ ಬೀಗ ಕಳಚುತ್ತೆ, ಪಾಲಿಮರೇಸ್ ಒಳಗೆ ಹೋಗುತ್ತೆ, ಓದು ಶುರು. 1965ರಲ್ಲಿ ಆಂದ್ರೆ ಲ್ವಾಫ್ ಜೊತೆ ಇಬ್ಬರಿಗೂ ನೊಬೆಲ್ ಬಂತು.

ಈ ಚಿತ್ರ ಎಷ್ಟು ಸ್ಪಷ್ಟವಾಗಿತ್ತು ಅಂದ್ರೆ, ಪ್ರಾಣಿಗಳ ಜೀನ್ ಬಗ್ಗೆ ಯೋಚಿಸೋವಾಗಲೂ ಜನರ ತಲೆಯಲ್ಲಿ ಇದೇ ಓಡ್ತಿತ್ತು. ಪಾಲಿಮರೇಸ್ ಬಾಗಿಲಿಗೆ ಬಂತಾ? ಜೀನ್ ಆನ್. ಬರಲಿಲ್ವಾ? ಆಫ್.

ಆದ್ರೆ ಪ್ರಾಣಿಗಳ ಎಷ್ಟೋ ಜೀನ್‌ಗಳಲ್ಲಿ ಪಾಲಿಮರೇಸ್ ಆಗಲೇ ಬಂದಿರುತ್ತೆ. ಬಾಗಿಲು ದಾಟಿರುತ್ತೆ. 20ರಿಂದ 60 ಅಕ್ಷರ ಬರೆದೂ ಆಗಿರುತ್ತೆ. ಆಮೇಲೆ ಅಲ್ಲೇ ನಿಂತುಬಿಡುತ್ತೆ! ಬಸ್ ಸ್ಟ್ಯಾಂಡ್‌ನಿಂದ ಹೊರಟ ಬಸ್ಸು ಗೇಟ್ ಹತ್ರ ಎಂಜಿನ್ ಆನ್ ಇಟ್ಕೊಂಡು, ಕಂಡಕ್ಟರ್ "ರೈಟ್" ಅನ್ನೋವರೆಗೂ ನಿಂತಿರೋ ಹಾಗೆ.

ಇದನ್ನ ಮೊದಲು ನೋಡಿದವರಿಗೆ ನಂಬೋದೇ ಕಷ್ಟ ಆಯ್ತು. ನಂಬೋಕೆ ಏನೇನು ಸಾಕ್ಷಿ ಬೇಕಾಯ್ತು ಅನ್ನೋದೇ ಈ ಸರಣಿ. ಎಚ್‌ಐವಿ ಹೇಗೆ ಅಡಗಿಕೊಳ್ಳುತ್ತೆ, ಕೆಲವು ಮಕ್ಕಳಿಗೆ ರಕ್ತದ ಕ್ಯಾನ್ಸರ್ ಯಾಕೆ ಬರುತ್ತೆ ಅನ್ನೋ ಪ್ರಶ್ನೆಗಳೂ ಕೊನೆಗೆ ಇದೇ ಗೇಟ್‌ಗೆ ಬಂದು ನಿಲ್ಲುತ್ತವೆ.

—

📌 ಭಾಗ 2/9: ನೇಪಲ್ಸ್, ಯಾರೋ ತಿರುಗಿಸಿದ ಬಿಸಿ

ಇಟಲಿಯ ನೇಪಲ್ಸ್, 1960ರ ದಶಕದ ಆರಂಭ. ಫೆರುಚ್ಚೊ ರಿಟೊಸ್ಸಾ ಅನ್ನೋ ಯುವ ವಿಜ್ಞಾನಿ ಹಣ್ಣಿನ ನೊಣದ ಮರಿಹುಳುಗಳ ಲಾಲಾಗ್ರಂಥಿ ನೋಡ್ತಿದ್ದರು. ಯಾಕೆ ಲಾಲಾಗ್ರಂಥಿ? ಅದರ ಜೀವಕೋಶಗಳಲ್ಲಿ ಕ್ರೋಮೋಸೋಮ್‌ಗಳು ಮತ್ತೆ ಮತ್ತೆ ನಕಲಾಗಿ, ಎಳೆಗಳು ಒಂದಕ್ಕೊಂದು ಅಂಟಿಕೊಂಡೇ ಉಳಿದು, ಹಗ್ಗದ ಹಾಗೆ ದಪ್ಪ ಆಗಿರುತ್ತವೆ. ಸಾಮಾನ್ಯ ಮೈಕ್ರೋಸ್ಕೋಪ್‌ನಲ್ಲೇ ಅವುಗಳ ಪಟ್ಟಿಗಳು ಕಾಣಿಸುತ್ತವೆ. ಜೋರಾಗಿ ಓದಿಸಿಕೊಳ್ತಿರೋ ಜೀನ್ ಇರೋ ಜಾಗ ಪೂರಿ ಉಬ್ಬಿದ ಹಾಗೆ ಉಬ್ಬಿರುತ್ತೆ. ಅದನ್ನ ಪಫ್ ಅಂತಾರೆ.

ಒಂದು ದಿನ ಲ್ಯಾಬ್‌ನಲ್ಲಿ ಯಾರೋ ಅವರ ಇನ್‌ಕ್ಯುಬೇಟರ್‌ನ ಉಷ್ಣಾಂಶ ಏರಿಸಿಬಿಟ್ಟಿದ್ದರು. ಸ್ಲೈಡ್ ನೋಡಿದರೆ ಯಾವತ್ತೂ ಉಬ್ಬದ ಜಾಗಗಳು ಉಬ್ಬಿಕೊಂಡಿವೆ! ಅವರು ಸ್ಲೈಡ್ ಬಿಸಾಕಲಿಲ್ಲ. ಬೇಕಂತಲೇ ಬಿಸಿ ಮಾಡಿ ಮತ್ತೆ ನೋಡಿದರು. ಕೆಲವೇ ನಿಮಿಷಗಳಲ್ಲಿ ಅವೇ ಪಫ್‌ಗಳು ಮತ್ತೆ ಬಂದವು. ಒಂದು ಹೆಸರಾಂತ ಪತ್ರಿಕೆ ಆ ಲೇಖನವನ್ನ ತಿರಸ್ಕರಿಸಿತು ಅಂತ ಅವರೇ ಮುಂದೆ ಬರೆದುಕೊಂಡಿದ್ದಾರೆ. 1962ರಲ್ಲಿ ಅದು ಎಕ್ಸ್‌ಪೀರಿಯೆನ್ಶಿಯಾ ಅನ್ನೋ ಪತ್ರಿಕೆಯಲ್ಲಿ ಬಂತು.

1974ರಲ್ಲಿ ಆಲ್ಫ್ರೆಡ್ ಟಿಸಿಯೆರ್, ಹರ್ಷೆಲ್ ಮಿಚೆಲ್ ಮತ್ತು ಉರ್ಸುಲಾ ಟ್ರೇಸಿ ಈ ಬಿಸಿಗೆ ಜೀವಕೋಶ ಹೊಸದಾಗಿ ಯಾವ ಪ್ರೋಟೀನ್ ತಯಾರಿಸುತ್ತೆ ಅಂತ ತೋರಿಸಿದರು. ಅವೇ ಹೀಟ್ ಶಾಕ್ ಪ್ರೋಟೀನ್‌ಗಳು. ಅದರಲ್ಲಿ ದೊಡ್ಡ ಹೆಸರು ಎಚ್‌ಎಸ್‌ಪಿ70. ಬಿಸಿಗೆ ಬೇರೆ ಪ್ರೋಟೀನ್‌ಗಳು ಆಕಾರ ಕೆಟ್ಟು ಮುದ್ದೆಯಾಗದ ಹಾಗೆ ನೋಡ್ಕೊಳ್ಳೋದು ಇದರ ಕೆಲಸ.

ಈಗ ಒಂದು ವಿಷಯ ಗಮನಿಸಿ. ಬಿಸಿ ತಗುಲಿದ ಜೀವಕೋಶಕ್ಕೆ ಟೈಮ್ ಇಲ್ಲ. ಪಾಲಿಮರೇಸ್ ಹುಡುಕಿ, ಬಾಗಿಲು ತೆಗೆದು, ಸಾಮಾನು ಜೋಡಿಸಿ ಆಮೇಲೆ ಬರೆಯೋಕೆ ಕೂತ್ರೆ ಅಷ್ಟೊತ್ತಿಗೆ ಮುಗಿದುಹೋಗಿರುತ್ತೆ. ಆದರೂ ಈ ಜೀನ್ ನಿಮಿಷಗಳಲ್ಲಿ ಎದ್ದು ನಿಲ್ಲುತ್ತೆ. ಹೇಗೆ? ಈ ಪ್ರಶ್ನೆ ಕೈಯಲ್ಲಿಟ್ಕೊಳ್ಳಿ, ಭಾಗ 4ರಲ್ಲಿ ಬೇಕಾಗುತ್ತೆ.

—

📌 ಭಾಗ 3/9: ತುಂಡು ಆರ್‌ಎನ್‌ಎಗಳ ಗುಟ್ಟು

ಇನ್ನೊಂದು ಕಡೆ, ನ್ಯೂಯಾರ್ಕ್‌ನ ರಾಕ್‌ಫೆಲರ್‌ನಲ್ಲಿ ಇಗೊರ್ ಟಾಮ್ ಬಳಿ ಡಿಆರ್‌ಬಿ ಅನ್ನೋ ಒಂದು ರಾಸಾಯನಿಕ ಇತ್ತು. ಅದನ್ನ ಮೊದಲು ಹಿಡಿದಿದ್ದು ವೈರಸ್ ತಡೆಯೋ ಔಷಧಿಯ ಹುಡುಕಾಟದಲ್ಲಿ. ಜೀವಕೋಶಕ್ಕೆ ಹಾಕಿದರೆ ಉದ್ದದ ಆರ್‌ಎನ್‌ಎ ತಯಾರಾಗೋದು ಕುಸಿಯುತ್ತೆ.

1976ರಲ್ಲಿ ಪ್ರವೀಣಕುಮಾರ್ ಸೆಹಗಲ್, ಜೇಮ್ಸ್ ಡಾರ್ನೆಲ್, ಟಾಮ್ ಇವರೆಲ್ಲ ಹೀಲಾ ಜೀವಕೋಶಗಳಲ್ಲಿ ಇದನ್ನ ಅಳೆದರು. ಡಿಆರ್‌ಬಿ ಬಾಗಿಲನ್ನೇ ಮುಚ್ಚುತ್ತೆ, ಅಂದ್ರೆ ಬರೆಯೋ ಕೆಲಸ ಶುರುವಾಗೋದನ್ನೇ ತಡೆಯುತ್ತೆ ಅನ್ನೋದು ಆಗಿನ ಓದು. ಪುಸ್ತಕದ ಚಿತ್ರಕ್ಕೆ ಸರಿಹೊಂದೋ ಉತ್ತರ.

1978ರಲ್ಲಿ ನೈಜೆಲ್ ಫ್ರೇಸರ್, ಸೆಹಗಲ್, ಡಾರ್ನೆಲ್ ಅಡಿನೊವೈರಸ್ ಇಟ್ಕೊಂಡು ಹತ್ತಿರದಿಂದ ನೋಡಿದರು. ಆಗ ಕಂಡದ್ದು ಬೇರೆ. ಆರಂಭದ ಹತ್ತಿರದ ತುಂಡು ಆರ್‌ಎನ್‌ಎಗಳು ತಯಾರಾಗ್ತಾನೇ ಇವೆ, ಉದ್ದದ್ದು ಮಾತ್ರ ಇಲ್ಲ. ಅಂದ್ರೆ ಬಸ್ಸು ಹೊರಟಿದೆ, ಊರು ಮುಟ್ಟಿಲ್ಲ. ಹೊರಡೋದಕ್ಕೂ ಮುಂದೆ ಸಾಗೋದಕ್ಕೂ ನಡುವೆ ಇನ್ನೊಂದು ಹಂತ ಇದೆ, ಡಿಆರ್‌ಬಿ ಹಿಡಿಯೋದು ಅದನ್ನ.

ಎರಡನೇ ಸುಳಿವು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಿಂದ, ಅದೂ ಕೋಳಿ ರಕ್ತದಿಂದ. ಹಕ್ಕಿಗಳ ಕೆಂಪು ರಕ್ತಕಣದಲ್ಲಿ ನಮ್ಮದರ ಹಾಗಲ್ಲದೆ ನ್ಯೂಕ್ಲಿಯಸ್ ಉಳಿದಿರುತ್ತೆ. ಬಲಿತ ಕಣದಲ್ಲಿ ಜೀನ್‌ಗಳ ಕೆಲಸ ಮಾತ್ರ ಹೆಚ್ಚುಕಮ್ಮಿ ನಿಂತಿರುತ್ತೆ. 1981ರಲ್ಲಿ ಗಾರಿಲ್ಯೊ, ಬೆಲ್ಲಾರ್ ಮತ್ತು ಪಿಯರ್ ಶಾಂಬೋ ಆ ಕಣಗಳ ಬೀಟಾ ಗ್ಲೋಬಿನ್ ಜೀನ್ ನೋಡಿದರು. ಕೆಲಸ ನಿಂತ ಜೀನ್‌ನಲ್ಲಿ ಪಾಲಿಮರೇಸ್ ಇರಬಾರದು ಅಲ್ವಾ? ಇತ್ತು. ಅದೂ ಜೀನ್‌ನ ಉದ್ದಕ್ಕೂ ಹರಡಿರಲಿಲ್ಲ, ಆರಂಭದ ಭಾಗದಲ್ಲೇ ಗುಂಪುಗೂಡಿತ್ತು.

ಎರಡು ಸುಳಿವು, ಎರಡು ಊರು, ಎರಡು ಬೇರೆ ಪ್ರಶ್ನೆ. ಆದ್ರೆ ಒಂದು ವೈರಸ್‌ದು, ಇನ್ನೊಂದು ಆಯಸ್ಸು ಮುಗಿಯುತ್ತಾ ಬಂದ ರಕ್ತಕಣದ್ದು. "ಇದು ಅಪವಾದ, ಆರೋಗ್ಯವಂತ ಜೀವಕೋಶದಲ್ಲಿ ಹೀಗೆಲ್ಲ ಇರಲ್ಲ" ಅಂತ ಪಕ್ಕಕ್ಕಿಡೋಕೆ ಇನ್ನೂ ಜಾಗ ಇತ್ತು.

—

📌 ಭಾಗ 4/9: ಇಥಾಕಾ, ಹಿಡಿದು ನಿಲ್ಲಿಸಿದ ಕ್ಷಣ

ಈ ಭಾಗ ನಿಧಾನಕ್ಕೆ ಓದಿ. ಇಡೀ ಸರಣಿಯ ಗಟ್ಟಿ ಸಾಕ್ಷಿ ಇಲ್ಲಿದೆ.

ಅಮೆರಿಕದ ಇಥಾಕಾ ಊರಿನ ಕಾರ್ನೆಲ್ ಯೂನಿವರ್ಸಿಟಿ. ಜಾನ್ ಲಿಸ್ ಲ್ಯಾಬ್‌ನಲ್ಲಿ ಡೇವಿಡ್ ಗಿಲ್ಮೋರ್ ಒಂದು ಉಪಾಯ ಮಾಡಿದರು. ಜೀವಂತ ಜೀವಕೋಶದ ಮೇಲೆ ಅಲ್ಟ್ರಾವಯಲೆಟ್ ಬೆಳಕು ಹಾಯಿಸಿದರೆ, ಆ ಕ್ಷಣಕ್ಕೆ ಡಿಎನ್‌ಎ ಮುಟ್ಟಿಕೊಂಡಿರೋ ಪ್ರೋಟೀನ್ ಅಲ್ಲೇ ಅಂಟಿಕೊಳ್ಳುತ್ತೆ. ಆಮೇಲೆ ಜೀವಕೋಶ ಒಡೆದು, ಪಾಲಿಮರೇಸ್‌ಗೆ ಮಾತ್ರ ಕಚ್ಚಿಕೊಳ್ಳೋ ಆಂಟಿಬಾಡಿಯಿಂದ ಅದನ್ನ ಎತ್ತಿ, ಅದರ ಜೊತೆ ಯಾವ ಡಿಎನ್‌ಎ ತುಂಡು ಬಂತು ಅಂತ ನೋಡೋದು. ಯಾರು ಎಲ್ಲಿದ್ರು ಅನ್ನೋದಕ್ಕೆ ಸ್ಥಳದಲ್ಲೇ ತೆಗೆದ ಫೋಟೋ ಇದ್ದ ಹಾಗೆ.

ಅವರು ಆರಿಸಿಕೊಂಡದ್ದು ನೊಣದ ಎಚ್‌ಎಸ್‌ಪಿ70 ಜೀನ್. ಬಿಸಿ ಮಾಡಿದಾಗ ಜೀನ್ ತುಂಬಾ ಪಾಲಿಮರೇಸ್ ಇರುತ್ತೆ, ಅದರಲ್ಲಿ ಆಶ್ಚರ್ಯ ಇಲ್ಲ. 1986ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಆಶ್ಚರ್ಯ ಇದ್ದದ್ದು ಬಿಸಿ ಮಾಡದ ಜೀವಕೋಶಗಳಲ್ಲಿ. ಜೀನ್ ಆಫ್. ಆದರೂ ಆರಂಭದ ಸುಮಾರು 65 ಅಕ್ಷರಗಳ ಒಳಗೆ ಪಾಲಿಮರೇಸ್ ಕೂತಿದೆ!

ಸರಿ, ಕೂತಿದೆ. ಆದ್ರೆ ಕೂತು ಏನು ಮಾಡ್ತಿದೆ? ಇಲ್ಲಿ ಎರಡು ಸಾಧ್ಯತೆ. ಒಂದು, ಬಾಗಿಲಿಗೆ ಬಂದು ನಿಂತಿದೆ, ಇನ್ನೂ ಒಂದಕ್ಷರವೂ ಬರೆದಿಲ್ಲ. ಎರಡು, ಬರೆಯೋಕೆ ಶುರು ಮಾಡಿ ಮಧ್ಯದಲ್ಲಿ ನಿಂತಿದೆ. ಎರಡಕ್ಕೂ ಫೋಟೋ ಒಂದೇ ಥರ ಬರುತ್ತೆ. ಹಾಗಾಗಿ ಫೋಟೋ ಸಾಲಲ್ಲ.

1988ರಲ್ಲಿ ಆನ್ ರೋಗ್ವಿ ಮತ್ತು ಲಿಸ್ ಇದನ್ನ ಬಗೆಹರಿಸಿದರು. ಜೀವಕೋಶದಿಂದ ನ್ಯೂಕ್ಲಿಯಸ್ ಬೇರ್ಪಡಿಸಿ, ವಿಕಿರಣಶೀಲ ಗುರುತು ಹಾಕಿದ ಅಕ್ಷರಗಳನ್ನ ಕೊಟ್ಟರು. ಹೊಸ ಪಾಲಿಮರೇಸ್ ಹೊಸದಾಗಿ ಶುರು ಮಾಡೋಕಾಗದ ಪರಿಸ್ಥಿತಿ ಅದು. ಹಾಗಿದ್ರೆ ಗುರುತು ಬರೋದು ಯಾರ ಆರ್‌ಎನ್‌ಎಗೆ? ಆಗಲೇ ಬರೀತಾ ಇದ್ದವರ ಆರ್‌ಎನ್‌ಎಗೆ ಮಾತ್ರ. ಬಿಸಿ ಮಾಡದ ಎಚ್‌ಎಸ್‌ಪಿ70ರಲ್ಲಿ ಗುರುತು ಬಂತು, ಅದೂ ಜೀನ್‌ನ ಆರಂಭದಲ್ಲಿ ಮಾತ್ರ. ಇನ್ನೊಂದು ವಿಷಯ: ಸಾರ್ಕೊಸಿಲ್ ಅನ್ನೋ ಡಿಟರ್ಜೆಂಟ್ ಹಾಕಿ ಸುತ್ತಲಿನ ಪ್ರೋಟೀನ್‌ಗಳನ್ನ ತೊಳೆದಾಗ ನಿಂತಿದ್ದ ಪಾಲಿಮರೇಸ್ ಮುಂದೆ ಬರೆಯೋಕೆ ಶುರು ಮಾಡ್ತು.

ಇದರ ಅರ್ಥ ಏನು? ಪಾಲಿಮರೇಸ್ ಕೆಟ್ಟಿಲ್ಲ. ಶುರು ಮಾಡಿದೆ, ಕೈಯಲ್ಲಿ ಸಣ್ಣ ಆರ್‌ಎನ್‌ಎ ಹಿಡ್ಕೊಂಡಿದೆ, ಮುಂದೆ ಹೋಗೋ ಶಕ್ತಿಯೂ ಇದೆ. ಅದನ್ನ ಯಾರೋ ಹಿಡಿದಿದ್ದಾರೆ. ಬಿಸಿ ತಗುಲಿದ ಕೂಡಲೇ ಬಿಟ್ಟರೆ ಸಾಕು. ಭಾಗ 2ರ ಪ್ರಶ್ನೆಗೆ ಉತ್ತರದ ಒಂದು ದೊಡ್ಡ ತುಂಡು ಇದು.

1993ರಲ್ಲಿ ಎರಿಕ್ ರಾಸ್ಮುಸೆನ್ ಮತ್ತು ಲಿಸ್ ಆ ಸಣ್ಣ ಆರ್‌ಎನ್‌ಎಗಳನ್ನೇ ಅಳೆದರು. ಹೆಚ್ಚಿನವು 20ರಿಂದ 40 ಅಕ್ಷರ ಉದ್ದ. ಆರ್‌ಎನ್‌ಎ ತಲೆಗೆ ಟೋಪಿ ಹಾಕೋ ಕ್ಯಾಪಿಂಗ್ ಕೆಲಸವೂ ಇದೇ ಹೊತ್ತಲ್ಲಿ ಆಗುತ್ತೆ. ನಿಂತಿರೋ ಬಸ್ಸಲ್ಲಿ ಟಿಕೆಟ್ ಕೊಟ್ಟು ಮುಗಿಸಿದ ಹಾಗೆ.

—

📌 ಭಾಗ 5/9: ಕ್ಯಾನ್ಸರ್ ವಾರ್ಡಿನಿಂದ, ಎಚ್‌ಐವಿ ಲ್ಯಾಬಿನಿಂದ

"ನೊಣದ ಕಥೆ ನಮಗ್ಯಾಕೆ?" ಅನ್ನೋ ಕಾಮೆಂಟ್ ಬರುತ್ತೆ ಅಂತ ಗೊತ್ತಿತ್ತು 😄 ಅದಕ್ಕೇ ಈ ಭಾಗ.

ಅದೇ 1986. ಸಿಯಾಟಲ್‌ನಲ್ಲಿ ಡೇವಿಡ್ ಬೆಂಟ್ಲಿ ಮತ್ತು ಮಾರ್ಕ್ ಗ್ರೌಡಿನ್ ಮನುಷ್ಯರ ಲ್ಯುಕೇಮಿಯಾದಿಂದ ಬೆಳೆಸಿದ ಎಚ್‌ಎಲ್‌60 ಅನ್ನೋ ಜೀವಕೋಶಗಳ ಮೇಲೆ ಕೆಲಸ ಮಾಡ್ತಿದ್ದರು. ಸಿ-ಮಿಕ್ ಅನ್ನೋ ಜೀನ್ ಜಾಸ್ತಿ ಕೆಲಸ ಮಾಡಿದರೆ ಜೀವಕೋಶ ವಿಭಜನೆ ಆಗ್ತಾನೇ ಇರುತ್ತೆ. ಕ್ಯಾನ್ಸರ್ ಜೀನ್‌ಗಳಲ್ಲಿ ಇದು ಬಹಳ ಮುಖ್ಯ. ಈ ಜೀವಕೋಶಗಳನ್ನ ಬಲಿಯೋ ಹಾಗೆ ಮಾಡಿದಾಗ ಸಿ-ಮಿಕ್ ಆರ್‌ಎನ್‌ಎ ಇಳಿಯುತ್ತೆ. ಬಾಗಿಲು ಮುಚ್ಚಿತಾ ಅಂತ ನೋಡಿದರೆ ಇಲ್ಲ. ಪಾಲಿಮರೇಸ್ ಶುರು ಮಾಡೋದು ನಡೀತಾನೇ ಇದೆ, ಮೊದಲ ಭಾಗ ಮುಗಿಯೋದ್ರೊಳಗೆ ತಡೆ ಬೀಳ್ತಿದೆ. ಈ ಜೀನ್‌ನಲ್ಲೂ ಪಾಲಿಮರೇಸ್ ನಿಲ್ಲೋದು ಬಾಗಿಲ ಪಕ್ಕದಲ್ಲೇ ಅಂತ 1992ರಲ್ಲಿ ಎರಡು ತಂಡಗಳು ತೋರಿಸಿದವು.

1987ರಲ್ಲಿ ಮ್ಯಾಟಿಜಾ ಪೀಟರ್ಲಿನ್ ತಂಡ ಎಚ್‌ಐವಿ ಬಗ್ಗೆ ಬರೆದದ್ದು ಇನ್ನೂ ಜೋರು. ಏಡ್ಸ್ ಅನ್ನೋ ಹೆಸರು ಕೇಳಿದ್ರೆ ಜಗತ್ತು ನಡುಗ್ತಿದ್ದ ಕಾಲ ಅದು. ಎಚ್‌ಐವಿ ತನ್ನ ಜೀನ್‌ಗಳನ್ನ ನಮ್ಮ ಕ್ರೋಮೋಸೋಮ್‌ಗೇ ಸೇರಿಸಿಬಿಡುತ್ತೆ. ಆಮೇಲೆ ಅದನ್ನ ಓದಬೇಕಾದ್ದು ನಮ್ಮ ಪಾಲಿಮರೇಸ್. ವೈರಸ್‌ನ ಟ್ಯಾಟ್ ಅನ್ನೋ ಪುಟ್ಟ ಪ್ರೋಟೀನ್ ಇಲ್ಲದಿದ್ದರೆ ಪಾಲಿಮರೇಸ್ ಶುರು ಮಾಡಿ ಸ್ವಲ್ಪದರಲ್ಲೇ ನಿಲ್ಲಿಸುತ್ತೆ, ತುಂಡು ಆರ್‌ಎನ್‌ಎ ಮಾತ್ರ ಬರುತ್ತೆ. ಟ್ಯಾಟ್ ಇದ್ದರೆ ಪೂರ್ತಿ ಓದುತ್ತೆ.

ವೈರಸ್‌ಗೆ ಇದರಿಂದ ಏನು ಲಾಭ ನೋಡಿ. ಟ್ಯಾಟ್ ಕಡಿಮೆ ಇರೋ, ವಿಶ್ರಾಂತಿಯಲ್ಲಿರೋ ರಕ್ಷಣಾ ಜೀವಕೋಶದಲ್ಲಿ ಅದು ಸುಮ್ಮನೆ ಮಲಗಿರಬಹುದು. ಮಾತ್ರೆಗಳು ಹೊಸ ವೈರಸ್ ಹರಡೋದನ್ನ ತಡೆಯುತ್ತವೆ, ಆದ್ರೆ ಮಲಗಿರೋದನ್ನ ಎಬ್ಬಿಸಿ ಓಡಿಸಲ್ಲ. ಚಿಕಿತ್ಸೆ ನಿಲ್ಲಿಸಿದರೆ ಎಚ್‌ಐವಿ ಮತ್ತೆ ಬರೋದಕ್ಕೆ ಈ ಅಡಗುವಿಕೆ ಒಂದು ದೊಡ್ಡ ಕಾರಣ. ಗೇಟ್ ಹತ್ರ ನಿಂತ ಪಾಲಿಮರೇಸ್ ಆ ಅಡಗುವಿಕೆಯ ಒಂದು ಭಾಗ.

ಹೀಗೆ ನೊಣ, ಕೋಳಿ, ಕ್ಯಾನ್ಸರ್, ವೈರಸ್ ನಾಲ್ಕೂ ಒಂದೇ ಮಾತು ಹೇಳ್ತಿದ್ದವು. ಹಾಗಾದ್ರೆ ಪಾಲಿಮರೇಸ್‌ನ ಹಿಡಿಯೋರು ಯಾರು, ಬಿಡೋರು ಯಾರು?

—

📌 ಭಾಗ 6/9: ಹೋಲ್ಡಾನ್ ಅನ್ನೋರು, ರೈಟ್ ಅನ್ನೋರು

ಮೊದಲು ಸಿಕ್ಕಿದ್ದು ಬಿಡಿಸೋರು. 1995ರಲ್ಲಿ ಅಯೋವಾ ಯೂನಿವರ್ಸಿಟಿಯಲ್ಲಿ ನಿಕ್ ಮಾರ್ಷಲ್ ಮತ್ತು ಡೇವಿಡ್ ಪ್ರೈಸ್ ನೊಣದ ಜೀವಕೋಶದ ರಸದಿಂದ ಒಂದು ಅಂಶ ಬೇರ್ಪಡಿಸಿದರು. ಅದಿದ್ದರೆ ಪಾಲಿಮರೇಸ್ ತುಂಡು ಹಂತ ದಾಟಿ ಉದ್ದಕ್ಕೆ ಬರೆಯುತ್ತೆ. ಡಿಆರ್‌ಬಿ ಹಾಕಿದರೆ ಕೈ ಕಟ್ಟುತ್ತೆ. ಅದಕ್ಕೆ ಪಿ-ಟೆಫ್‌ಬಿ ಅಂತ ಹೆಸರಿಟ್ಟರು. ಇದು ಒಂದು ಕೈನೇಸ್, ಅಂದ್ರೆ ಬೇರೆ ಪ್ರೋಟೀನ್‌ಗೆ ಫಾಸ್ಫೇಟ್ ಅಂಟಿಸೋ ಕಿಣ್ವ. ಇದರಲ್ಲಿ ಸಿಡಿಕೆ9 ಮತ್ತು ಸೈಕ್ಲಿನ್ ಟಿ ಅನ್ನೋ ಎರಡು ಭಾಗ ಇದೆ ಅಂತ ಮುಂದಿನ ಎರಡು ಮೂರು ವರ್ಷದಲ್ಲಿ ಗೊತ್ತಾಯ್ತು.

1998ರಲ್ಲಿ ಕ್ಯಾಥರಿನ್ ಜೋನ್ಸ್ ತಂಡ ಟ್ಯಾಟ್ ಯಾರ ಕೈ ಹಿಡಿಯುತ್ತೆ ಅಂತ ತೋರಿಸಿತು. ಸೈಕ್ಲಿನ್ ಟಿ1! ವೈರಸ್ ಹೊಸದೇನೂ ಕಂಡುಹಿಡಿದಿರಲಿಲ್ಲ. ನಮ್ಮದೇ ಕಂಡಕ್ಟರನ್ನ ಎಳೆದು ತಂದು ತನ್ನ ಬಸ್ಸಿಗೆ ರೈಟ್ ಹೇಳಿಸಿಕೊಳ್ತಿತ್ತು. 1987ರ ಒಗಟು, 1978ರ ಡಿಆರ್‌ಬಿ ಒಗಟು ಎರಡೂ ಒಂದೇ ಪ್ರೋಟೀನ್‌ನಲ್ಲಿ ಬಂದು ಕೂಡಿದವು.

ಹಿಡಿಯೋರು ಸಿಕ್ಕಿದ್ದು ಜಪಾನ್‌ನಲ್ಲಿ. ಅಲ್ಲಿ ಹಿರೋಶಿ ಹಂಡಾ ತಂಡ ಡಿಆರ್‌ಬಿ ಹಿಂದೆಯೇ ಬಿದ್ದಿತ್ತು. ಡಿಆರ್‌ಬಿ ತಡೆ ಕೆಲಸ ಮಾಡಬೇಕಾದ್ರೆ ಜೀವಕೋಶದಲ್ಲಿ ಏನಿರಬೇಕು ಅನ್ನೋದು ಅವರ ಪ್ರಶ್ನೆ. 1998ರಲ್ಲಿ ಡಿಸಿಫ್ ಸಿಕ್ಕಿತು, 1999ರಲ್ಲಿ ನೆಲ್ಫ್ ಸಿಕ್ಕಿತು. ಇವೆರಡೂ ಸೇರಿ ಪಾಲಿಮರೇಸ್‌ನ ಹಿಡಿದು ನಿಲ್ಲಿಸುತ್ತವೆ.

ಈಗ ಪೂರ್ತಿ ಸೀನ್ ನೋಡಿ 👇
1. ಪಾಲಿಮರೇಸ್ ಬಾಗಿಲಿಗೆ ಬಂದು ಬರೆಯೋಕೆ ಶುರು ಮಾಡುತ್ತೆ.
2. 20ರಿಂದ 60 ಅಕ್ಷರದೊಳಗೆ ಡಿಸಿಫ್ ಮತ್ತು ನೆಲ್ಫ್ ಬಂದು ಹಿಡಿಯುತ್ತವೆ. ಹೋಲ್ಡಾನ್.
3. ಬಿಸಿ, ಹಾರ್ಮೋನ್, ಬೆಳವಣಿಗೆಯ ಸಂಕೇತ, ಹೀಗೆ ಏನೋ ಒಂದು ಸುದ್ದಿ ಬರುತ್ತೆ. ಪಿ-ಟೆಫ್‌ಬಿ ಬರುತ್ತೆ.
4. ಅದು ನೆಲ್ಫ್‌ಗೆ, ಡಿಸಿಫ್‌ಗೆ, ಪಾಲಿಮರೇಸ್‌ನ ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತೆ. (ಮನುಷ್ಯರ ಪಾಲಿಮರೇಸ್‌ನ ಬಾಲದಲ್ಲಿ 7 ಅಮೈನೋ ಆಮ್ಲಗಳ ಒಂದೇ ಸಾಲು 52 ಸಲ ಮರುಕಳಿಸುತ್ತೆ.)
5. ನೆಲ್ಫ್ ಕಳಚಿ ಬೀಳುತ್ತೆ. ಡಿಸಿಫ್ ಉಳಿಯುತ್ತೆ, ಆದ್ರೆ ಪಕ್ಷ ಬದಲಾಯಿಸಿ ಮುಂದೆ ಸಾಗೋಕೆ ಸಹಾಯ ಮಾಡುತ್ತೆ. ರೈಟ್ ರೈಟ್!

2001ರಲ್ಲಿ ಇನ್ನೊಂದು ಪದರ ಬಯಲಾಯ್ತು. 7ಎಸ್‌ಕೆ ಅನ್ನೋ ಆರ್‌ಎನ್‌ಎ ಪಿ-ಟೆಫ್‌ಬಿಯನ್ನೇ ಕಟ್ಟಿಹಾಕಿ ಇಟ್ಟಿರುತ್ತೆ ಅಂತ ಎರಡು ತಂಡಗಳು ಒಟ್ಟಿಗೆ ತೋರಿಸಿದವು. ಈ ಆರ್‌ಎನ್‌ಎ ಇದೆ ಅಂತ ಅದಕ್ಕೂ ಎಷ್ಟೋ ವರ್ಷ ಮೊದಲೇ ಗೊತ್ತಿತ್ತು, ಯಾತಕ್ಕೆ ಇದೆ ಅಂತ ಗೊತ್ತಿರಲಿಲ್ಲ ಅಷ್ಟೇ. ಕಂಡಕ್ಟರ್ ಮೇಲೂ ಒಬ್ಬ ಕಂಟ್ರೋಲರ್!

—

📌 ಭಾಗ 7/9: ಅಪವಾದ ಅಂದುಕೊಂಡದ್ದು ಎಲ್ಲೆಲ್ಲೂ

2007ರವರೆಗೂ ಒಂದು ಮಾತು ಕೇಳಿಬರ್ತಿತ್ತು. ಸರಿ, ಎಚ್‌ಎಸ್‌ಪಿ70 ಇದೆ, ಸಿ-ಮಿಕ್ ಇದೆ, ಇನ್ನು ಕೆಲವು ಇವೆ. ಬೆರಳೆಣಿಕೆಯ ಜೀನ್‌ಗಳ ವಿಶೇಷ ಅಭ್ಯಾಸ ಇರಬಹುದು. ಒಂದೊಂದೇ ಜೀನ್ ನೋಡೋ ವಿಧಾನ ಇರೋವರೆಗೂ ಈ ಮಾತನ್ನ ಅಲ್ಲಗಳೆಯೋಕೆ ದಾರಿ ಇರಲಿಲ್ಲ.

ಅಷ್ಟೊತ್ತಿಗೆ ನೊಣದ್ದೂ ಮನುಷ್ಯರದ್ದೂ ಪೂರ್ತಿ ಜೀನೋಮ್ ಓದಿಯಾಗಿತ್ತು. ಪಾಲಿಮರೇಸ್ ಎಲ್ಲೆಲ್ಲಿ ಕೂತಿದೆ ಅಂತ ಇಡೀ ಜೀನೋಮ್ ಮೇಲೆ ಒಂದೇ ಸಲ ನೋಡೋ ತಂತ್ರ ಬಂತು. 2007ರಲ್ಲಿ ಮೂರು ಲೇಖನ ಬಂದವು. ಕರೆನ್ ಅಡೆಲ್ಮನ್ ಅವರ ತಂಡ ನೊಣದ ಜೀವಕೋಶಗಳನ್ನ ನೋಡಿತು. ಜೂಲಿಯಾ ಝೈಟ್ಲಿಂಗರ್, ಮೈಕಲ್ ಲಿವೈನ್, ರಿಚರ್ಡ್ ಯಂಗ್ ಇದ್ದ ತಂಡ ನೊಣದ ಭ್ರೂಣವನ್ನ ನೋಡಿತು. ಯಂಗ್ ಅವರದೇ ಲ್ಯಾಬ್ ಮನುಷ್ಯರ ಭ್ರೂಣದ ಕಾಂಡಕೋಶಗಳನ್ನ ನೋಡಿತು. ಮೂರೂ ಕಡೆ ಅದೇ ಚಿತ್ರ: ಎಷ್ಟೆಷ್ಟೋ ಜೀನ್‌ಗಳ ಆರಂಭದಲ್ಲಿ ಪಾಲಿಮರೇಸ್‌ನ ದಿಬ್ಬ, ಒಳಗೆ ಖಾಲಿ. ಭ್ರೂಣದಲ್ಲಂತೂ ಹೀಗೆ ನಿಂತವು ಬೆಳವಣಿಗೆಯನ್ನ ನಿಯಂತ್ರಿಸೋ ಜೀನ್‌ಗಳಲ್ಲೇ ಹೆಚ್ಚು.

ದಿಬ್ಬ ಇದೆ ಅಂದ್ರೆ ಬರೀತಾ ನಿಂತಿದೆ ಅಂತ ಹೇಳೋಕಾಗಲ್ಲ, ಭಾಗ 4 ನೆನಪಿದೆಯಾ? ಅದೇ ಲಿಸ್ ಲ್ಯಾಬ್‌ನಲ್ಲಿ ಲೈಟನ್ ಕೋರ್ ಮತ್ತು ಜೋಶುವಾ ವಾಟರ್‌ಫಾಲ್ 1988ರ ಅದೇ ಪ್ರಯೋಗದ ದೊಡ್ಡಣ್ಣನನ್ನ ಮಾಡಿದರು. ಗುರುತು ಹಾಕಿದ ಅಕ್ಷರ ಕೊಡೋದು, ಬರೀತಿದ್ದವರ ಆರ್‌ಎನ್‌ಎ ಮಾತ್ರ ಎತ್ತೋದು, ಇಡೀ ಜೀನೋಮ್‌ಗೆ ಅದನ್ನ ಸೀಕ್ವೆನ್ಸ್ ಮಾಡೋದು. ಹೆಸರು ಗ್ರೋ-ಸೀಕ್. 2008ರ ಉತ್ತರ: ಮನುಷ್ಯರ ಶ್ವಾಸಕೋಶದ ಆ ಜೀವಕೋಶಗಳಲ್ಲಿ ಸುಮಾರು 30% ಜೀನ್‌ಗಳ ಆರಂಭದಲ್ಲಿ ಬರೀತಾ ಇರೋ ಪಾಲಿಮರೇಸ್‌ನ ದಿಬ್ಬ ಇದೆ.

2010ರಲ್ಲಿ ಪೀಟರ್ ರಾಲ್ ಮತ್ತು ಸಂಗಡಿಗರು ಸಿ-ಮಿಕ್ ಪ್ರೋಟೀನ್ ಮಾಡೋ ಒಂದು ದೊಡ್ಡ ಕೆಲಸವೇ ಬೇರೆ ಜೀನ್‌ಗಳಲ್ಲಿ ನಿಂತ ಪಾಲಿಮರೇಸ್‌ನ ಬಿಡಿಸೋದು ಅಂತ ತೋರಿಸಿದರು. ಅದೇ ಹೊತ್ತಲ್ಲಿ ಇನ್ನೊಂದು ಸುದ್ದಿ. ಎಳೆ ಮಕ್ಕಳ ಕೆಲವು ಲ್ಯುಕೇಮಿಯಾಗಳಲ್ಲಿ ಎಮ್‌ಎಲ್‌ಎಲ್ ಅನ್ನೋ ಜೀನ್ ಮುರಿದು ಬೇರೊಂದು ಜೀನ್‌ಗೆ ಅಂಟಿಕೊಂಡಿರುತ್ತೆ. ಹಾಗೆ ಅಂಟಿಕೊಳ್ಳೋ ಪಾಲುದಾರರಲ್ಲಿ ಹಲವರು ಪಿ-ಟೆಫ್‌ಬಿ ಜೊತೆ ಒಂದೇ ಗುಂಪಲ್ಲಿ ಕೆಲಸ ಮಾಡೋರು ಅಂತ ಅಲಿ ಶಿಲಾಟಿಫರ್ಡ್ ತಂಡ ಕಂಡಿತು. ಹಿಡಿದಿಡಬೇಕಾದ ಜೀನ್‌ಗಳಿಗೆ ಯಾವಾಗಲೂ ರೈಟ್ ಹೇಳ್ತಾ ಇದ್ದರೆ ಏನಾಗುತ್ತೆ? ಅದೇ ಆಗುತ್ತೆ.

—

📌 ಭಾಗ 8/9: ನಿಲ್ಲಿಸಿ ಲಾಭ ಏನು?

ಈಗ ಒಂದು ನ್ಯಾಯವಾದ ಪ್ರಶ್ನೆ. ಬೇಡದ ಜೀನ್‌ಗೆ ಬಾಗಿಲು ಹಾಕಿದರೆ ಸಾಕಲ್ವಾ? ಶುರು ಮಾಡಿಸಿ ಯಾಕೆ ನಿಲ್ಲಿಸಬೇಕು?

"ವೇಗಕ್ಕೆ" ಅನ್ನೋದು ಮೊದಲ ಉತ್ತರ. ಎಚ್‌ಎಸ್‌ಪಿ70ಗೆ ಅದು ಸರಿ. ಮೆದುಳಿನಲ್ಲೂ ಸಾಕ್ಷಿ ಇದೆ. 2011ರಲ್ಲಿ ರಾಮೇಂದ್ರ ಸಾಹಾ, ಸೆರೆನಾ ಡ್ಯುಡೆಕ್ ಮತ್ತು ಸಂಗಡಿಗರು ನರಕೋಶಗಳ ಆರ್ಕ್ ಅನ್ನೋ ಜೀನ್ ನೋಡಿದರು. ನರಕೋಶ ಚುರುಕಾದ ಕೆಲವೇ ನಿಮಿಷಗಳಲ್ಲಿ ಈ ಜೀನ್ ಏಳುತ್ತೆ. ನೆನಪು ಉಳಿಯೋದಕ್ಕೆ ಇದು ಬೇಕು. ನೆಲ್ಫ್ ಕಡಿಮೆ ಮಾಡಿದಾಗ ಆ ಚುರುಕು ಕುಂದಿತು.

ಎರಡನೇ ಉತ್ತರ ನನಗೆ ಬಹಳ ಇಷ್ಟ: ಒಟ್ಟಿಗೆ ಹೊರಡೋದು. ನೊಣದ ಭ್ರೂಣದಲ್ಲಿ ಸುಮಾರು 1,000 ಜೀವಕೋಶಗಳು ಒಟ್ಟಿಗೆ ಒಳಕ್ಕೆ ಮಡಚಿಕೊಳ್ಳಬೇಕಾದ ಒಂದು ಘಳಿಗೆ ಇದೆ. ಅದಕ್ಕೆ ಸ್ನೇಲ್ ಅನ್ನೋ ಜೀನ್ ಬೇಕು. ಮೈಕಲ್ ಲಿವೈನ್ ಲ್ಯಾಬ್‌ನ ಮೌನಿಯಾ ಲಾಘಾ ಮತ್ತು ಸಂಗಡಿಗರು 2013ರಲ್ಲಿ ಸ್ನೇಲ್‌ನ ಬಾಗಿಲು ತೆಗೆದು, ಪಾಲಿಮರೇಸ್ ಅಷ್ಟಾಗಿ ನಿಲ್ಲದ ಬೇರೆ ಜೀನ್‌ಗಳ ಬಾಗಿಲು ಕೂರಿಸಿದರು. ಜೀನ್ ಅದೇ, ಪ್ರೋಟೀನ್ ಅದೇ. ಆದ್ರೆ ಒಂದು ಜೀವಕೋಶದಲ್ಲಿ ಈಗ ಶುರು, ಪಕ್ಕದ್ದರಲ್ಲಿ ಆಮೇಲೆ ಶುರು. ಮಡಿಕೆ ಸರಿಯಾಗಿ ಬೀಳಲಿಲ್ಲ. ಕೋಲಾಟದಲ್ಲಿ ಒಬ್ಬೊಬ್ಬರು ಒಂದೊಂದು ತಾಳಕ್ಕೆ ಕೋಲು ಹೊಡೆದರೆ ಹೇಗಿರುತ್ತೆ, ಹಾಗೆ.

ಮೂರನೇ ಉತ್ತರ ತಲೆಕೆಳಗು. ನೆಲ್ಫ್ ಬ್ರೇಕ್ ತಾನೇ? ತೆಗೆದರೆ ಜೀನ್‌ಗಳು ಜೋರಾಗಿ ಓಡಬೇಕು. 2008 ಮತ್ತು 2010ರಲ್ಲಿ ಡೇನಿಯಲ್ ಗಿಲ್‌ಕ್ರಿಸ್ಟ್, ಅಡೆಲ್ಮನ್ ಮತ್ತು ಸಂಗಡಿಗರು ನೊಣದ ಜೀವಕೋಶಗಳಲ್ಲಿ ಮಾಡಿ ನೋಡಿದಾಗ ಎಷ್ಟೋ ಜೀನ್‌ಗಳ ಕೆಲಸ ಇಳಿದುಬಿಟ್ಟಿತು! ಕಾರಣ ಹೀಗೆ. ಡಿಎನ್‌ಎ ಸುತ್ತಿಕೊಂಡಿರೋದು ನ್ಯೂಕ್ಲಿಯೋಸೋಮ್ ಅನ್ನೋ ಉಂಡೆಗಳಿಗೆ. ಗೇಟ್ ಹತ್ರ ನಿಂತ ಪಾಲಿಮರೇಸ್ ಆ ಜಾಗ ಹಿಡಿದಿಟ್ಟಿರುತ್ತೆ. ಅದು ಹೋದರೆ ನ್ಯೂಕ್ಲಿಯೋಸೋಮ್ ಬಂದು ಕೂರುತ್ತೆ, ಬಾಗಿಲೇ ಮುಚ್ಚಿಹೋಗುತ್ತೆ. ಸೀಟಿನ ಮೇಲೆ ಕರ್ಚೀಫ್ ಹಾಕೋದು ಗೊತ್ತಲ್ವಾ? ಅದೇ ಲೆಕ್ಕ 😄

ಎಲ್ಲ ಜೀವಿಗಳೂ ಹೀಗೆ ಅಲ್ಲ. ಬೇಕರಿ ಯೀಸ್ಟ್‌ನಲ್ಲಿ ನೆಲ್ಫ್ ಇಲ್ಲ, ಗಿಡಗಳಲ್ಲೂ ಇಲ್ಲ. ಪ್ರಾಣಿಗಳಲ್ಲೂ ಸಿ. ಎಲಿಗನ್ಸ್ ಅನ್ನೋ ಪುಟ್ಟ ಹುಳುವಿನಲ್ಲಿ ಇಲ್ಲ. ನೊಣದಲ್ಲಿ, ಮೀನಲ್ಲಿ, ಇಲಿಯಲ್ಲಿ, ನಮ್ಮಲ್ಲಿ ಇದೆ.

—

📌 ಭಾಗ 9/9: ಇನ್ನೂ ಮುಗಿಯದ ಜಗಳ

2018ರಲ್ಲಿ ಜರ್ಮನಿಯ ಗಾಟಿಂಗನ್‌ನಲ್ಲಿ ಸೆಯ್ಚೆಲ್ ವೋಸ್, ಪ್ಯಾಟ್ರಿಕ್ ಕ್ರಾಮರ್ ಮತ್ತು ಸಂಗಡಿಗರು ನಿಂತ ಪಾಲಿಮರೇಸ್‌ನ ಆಕಾರವನ್ನ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದರು. ಬಳಸಿದ್ದು ಹಂದಿಯ ಪಾಲಿಮರೇಸ್, ಮನುಷ್ಯರ ಡಿಸಿಫ್ ಮತ್ತು ನೆಲ್ಫ್. ಒಳಗೆ ಡಿಎನ್‌ಎ ಮತ್ತು ಹೊಸ ಆರ್‌ಎನ್‌ಎ ಜೋಡಿ ಸ್ವಲ್ಪ ವಾಲಿಕೊಂಡಿದೆ. ಆ ವಾಲಿಕೆಯಿಂದ ಮುಂದಿನ ಅಕ್ಷರ ಬಂದು ಕೂರೋಕೆ ಜಾಗ ಸಿಗಲ್ಲ. 1986ರಲ್ಲಿ ಅಂಟಿಸಿ ಹಿಡಿದದ್ದನ್ನ 32 ವರ್ಷದ ಮೇಲೆ ಅಣುಗಳ ಮಟ್ಟದಲ್ಲಿ ನೋಡಿದ ಹಾಗಾಯ್ತು.

ಹಾಗಂತ ಎಲ್ಲ ಮುಗಿದಿಲ್ಲ. ಕಳೆದ ಕೆಲವು ವರ್ಷಗಳ ಜೋರು ಜಗಳ ಇದು: ನಿಂತ ಪಾಲಿಮರೇಸ್ ಎಷ್ಟು ಹೊತ್ತು ನಿಂತಿರುತ್ತೆ? ಬಸ್ಸಿನ ಉದಾಹರಣೆ ಕೇಳಿದಾಗ ನಿಮ್ಮ ಮನಸ್ಸಲ್ಲಿ ಒಂದೇ ಬಸ್ಸು ತಾಳ್ಮೆಯಿಂದ ಕಾಯ್ತಾ ನಿಂತಿರೋ ಚಿತ್ರ ಬಂದಿರುತ್ತೆ. ಕೆಲವು ಜೀನ್‌ಗಳಲ್ಲಿ ಹಾಗೇ ಇದೆ, ಹಲವು ನಿಮಿಷ ನಿಲ್ಲುತ್ತೆ ಅಂತ ಹೇಳೋ ಪ್ರಯೋಗಗಳಿವೆ. ಆದ್ರೆ 2017 ಮತ್ತು 2018ರಲ್ಲಿ ಬಂದ ಕೆಲವು ಪ್ರಯೋಗಗಳು ಬೇರೆಯೇ ಹೇಳಿದವು. ಅವುಗಳ ಪ್ರಕಾರ ಬಹಳಷ್ಟು ಪಾಲಿಮರೇಸ್‌ಗಳು ಸ್ವಲ್ಪ ಹೊತ್ತು ನಿಂತು, ಕೈಲಿದ್ದ ತುಂಡು ಆರ್‌ಎನ್‌ಎ ಬಿಸಾಕಿ, ಡಿಎನ್‌ಎಯಿಂದ ಇಳಿದುಹೋಗುತ್ತವೆ. ಅವುಗಳ ಜಾಗಕ್ಕೆ ಕೂಡಲೇ ಹೊಸದು ಬರುತ್ತೆ. ದೂರದಿಂದ ನೋಡಿದರೆ ಗೇಟ್ ಹತ್ರ ಯಾವಾಗಲೂ ಒಂದು ಬಸ್ಸು ಇರುತ್ತೆ, ಆದ್ರೆ ಅದು ಅದೇ ಬಸ್ಸಲ್ಲ.

ಎರಡರ ನಡುವೆ ವ್ಯತ್ಯಾಸ ಸಣ್ಣದಲ್ಲ. ಒಂದೇ ಪಾಲಿಮರೇಸ್ ಕಾಯ್ತಿದ್ದರೆ ಜೀನ್‌ನ ನಿಯಂತ್ರಣ ಪೂರ್ತಿ ಬಿಡಿಸೋರ ಕೈಲಿ ಇದೆ. ಇಳಿದು ಹತ್ತಿ ಮಾಡ್ತಿದ್ದರೆ, ಇಳಿಸೋರು ಯಾರು, ಎಷ್ಟು ಬೇಗ ಇಳಿಸ್ತಾರೆ ಅನ್ನೋದೂ ಅಷ್ಟೇ ಮುಖ್ಯ. ಮಲಗಿರೋ ಎಚ್‌ಐವಿಯನ್ನ ಎಬ್ಬಿಸಬೇಕು ಅಥವಾ ಇನ್ನೂ ಗಾಢವಾಗಿ ಮಲಗಿಸಬೇಕು ಅನ್ನೋರಿಗೆ, ಸಿಡಿಕೆ9 ತಡೆಯೋ ಕ್ಯಾನ್ಸರ್ ಔಷಧಿ ಹುಡುಕೋರಿಗೆ, ಯಾವ ಬಾಗಿಲಿಗೆ ಕೈ ಹಾಕಬೇಕು ಅನ್ನೋದು ಈ ಉತ್ತರದ ಮೇಲೆ ನಿಂತಿದೆ.

ಇಲ್ಲಿ ಒಂದು ಕೆಲಸ ಕೊಡ್ತೀನಿ. ಭಾಗ 4ಕ್ಕೆ ವಾಪಸ್ ಹೋಗಿ. ಗಿಲ್ಮೋರ್ ತೆಗೆದ ಫೋಟೋದಿಂದಾಗಲಿ, ರೋಗ್ವಿ ಕೊಟ್ಟ ಗುರುತು ಹಾಕಿದ ಅಕ್ಷರದಿಂದಾಗಲಿ, ಕಾಯ್ತಿರೋದು ಅದೇ ಪಾಲಿಮರೇಸಾ ಅಥವಾ ಬದಲಾಗ್ತಿದೆಯಾ ಅಂತ ಹೇಳೋಕಾಗುತ್ತಾ? ಆಗಲ್ಲ ಅಂದ್ರೆ ಯಾಕೆ? ಅದನ್ನ ತಿಳಿಯೋಕೆ ನೀವಾಗಿದ್ರೆ ಯಾವ ಪ್ರಯೋಗ ಮಾಡ್ತಿದ್ರಿ? ಒಂದು ಸುಳಿವು: ಹೊಸ ಬಸ್ಸು ಗೇಟ್‌ಗೆ ಬರದ ಹಾಗೆ ತಡೆದು, ನಿಂತಿದ್ದದ್ದು ಎಷ್ಟು ಹೊತ್ತಿಗೆ ಮಾಯ ಆಗುತ್ತೆ ಅಂತ ಗಡಿಯಾರ ಹಿಡಿದು ನೋಡಿ.

ಕಾಮೆಂಟ್‌ನಲ್ಲಿ ಬರೀರಿ, ಪರೀಕ್ಷೆಗೆ ಬರಲ್ಲ ಅಂತ ಬಿಡಬೇಡಿ. ಕ್ಲಾಸಲ್ಲಿ ಲ್ಯಾಕ್ ಒಪೆರಾನ್ ನೋಡಿ ನಿದ್ದೆ ಮಾಡ್ತಿರೋ ಸ್ನೇಹಿತರಿದ್ದರೆ ಅವರಿಗೂ ಕಳಿಸಿ 🚌

#ಕನ್ನಡದಲ್ಲಿವಿಜ್ಞಾನ #ಜೀವಶಾಸ್ತ್ರ #ವಿಜ್ಞಾನದಇತಿಹಾಸ #ಪಾಲಿಮರೇಸ್ #ರೈಟ್‌ರೈಟ್